ಫೋನ್ ಮುಟ್ಟದೆ ಗಾಡಿ ಓಡಿಸಿದರೆ ಪಾಯಿಂಟ್ ಕೊಡುತ್ತಾರಂತೆ, ಹಾಕಿಕೊಳ್ಳಲಾ?

ಹೋದ ಸಂಚಿಕೆಯಲ್ಲಿ ಗಾಡಿ ಓಡಿಸುವಾಗ ಫೋನ್ ನೋಡುವ ಚಟದ ಬಗ್ಗೆ ಯಾರೋ ಕೇಳಿದ್ದರು, ನಾಲ್ಕು ಸಾಲು ಉತ್ತರ ಬರೆದಿದ್ದೆ. ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದೆ, ಫೋನ್ ಮುಟ್ಟದವರಿಗೆ ಬಹುಮಾನ ಕೊಡುವ ಆ್ಯಪ್‌ಗಳೂ ಇವೆ ಅಂತ. ಅಷ್ಟೇ ಸಾಕಾಯಿತು ನೋಡಿ. ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ. ಒಂದೇ ಥರದ್ದನ್ನೆಲ್ಲ ಒಟ್ಟು ಮಾಡಿ ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ಆಫೀಸಿನ ಗೆಳೆಯನೊಬ್ಬ ಇಂಥ ಆ್ಯಪ್ ಹಾಕಿಕೋ ಅಂತ ದಿನಾ ತಲೆ ತಿನ್ನುತ್ತಿದ್ದಾನೆ. ಫೋನ್ ಮುಟ್ಟದೆ ಓಡಿಸಿದರೆ ಪಾಯಿಂಟ್, ಪಾಯಿಂಟ್ ಸೇರಿದರೆ ಕೂಪನ್ ಅಂತೆ. ನನಗೇನೋ ಇದು ಶಾಲೆಮಕ್ಕಳ ಪುಸ್ತಕಕ್ಕೆ ಸ್ಟಾರ್ ಅಂಟಿಸಿದ ಹಾಗೆ ಕಾಣುತ್ತದೆ. ನಿಜವಾಗಿ ಉಪಯೋಗ ಇದೆಯಾ, ಇಲ್ಲಾ ಇದೂ ಒಂದು ಗಿಮಿಕ್ಕಾ?

ಉತ್ತರ: ಉಪಯೋಗ ಇದೆ. ಆದರೆ ಅದು ಕೂಪನ್‌ನಿಂದ ಬರುವುದಿಲ್ಲ. ಎರಡು ಮೂರು ತಿಂಗಳ ಮಟ್ಟಿಗೆ ಹಾಕಿಕೊಳ್ಳಿ, ಆಮೇಲೆ ತೆಗೆದುಹಾಕಿ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

"ಅಯ್ಯೋ, ನಾನು ಗಾಡಿ ಓಡಿಸುವಾಗ ಫೋನ್ ಮುಟ್ಟೋದೇ ಇಲ್ಲ" ಅನ್ನುವ ಜನ ಇರುತ್ತಾರಲ್ಲ, ನಾನೂ ಅವರಲ್ಲೊಬ್ಬ. ಆ ಧೈರ್ಯದ ಮೇಲೆಯೇ ಇಂಥದ್ದೊಂದು ಆ್ಯಪ್ ಹಾಕಿಕೊಂಡು ಆರು ವಾರ ಓಡಾಡಿದೆ. ಮೊದಲ ವಾರದ ಲೆಕ್ಕ ಬಂತು. ಒಂಬತ್ತು ಸಲ ಫೋನ್ ಮುಟ್ಟಿದ್ದೆ! ಒಂದಾದರೂ ನೆನಪಿದೆಯಾ ಅಂದರೆ ಇಲ್ಲ. ಆ್ಯಪ್ ಸುಳ್ಳು ಹೇಳುತ್ತಿದೆ ಅಂತಲೇ ಮೊದಲು ಅನ್ನಿಸಿದ್ದು. ಆಮೇಲೆ ಮ್ಯಾಪ್ ತೆರೆದು ನೋಡಿದೆ. ನಾನು ಹೋದ ದಾರಿ ನೀಲಿ ಗೆರೆ, ಫೋನ್ ಮುಟ್ಟಿದ ಜಾಗ ಕಿತ್ತಳೆ ಚುಕ್ಕಿ. ಚುಕ್ಕಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಇರಲಿಲ್ಲ. ಎರಡೇ ಕಡೆ ಗುಂಪುಗಟ್ಟಿದ್ದವು: ಒಂದು, ಸಿಗ್ನಲ್‌ನಲ್ಲಿ ನಿಂತಾಗ. ಇನ್ನೊಂದು, ಹೊರಟ ಮೊದಲ ಎರಡು ನಿಮಿಷದಲ್ಲಿ.

ಆ ಎರಡು ನಿಮಿಷ ನೋಡಿಯೇ ನನಗೆ ಗೊತ್ತಾಗಿದ್ದು. ನಾನು ಗಾಡಿ ಹೊರಡಿಸಿದ ಮೇಲೆ ದಾರಿ ಹಾಕುತ್ತಿದ್ದೆ, ಹಾಡು ಹಾಕುತ್ತಿದ್ದೆ, "ಹೊರಟೆ" ಅಂತ ಮೆಸೇಜು ಹಾಕುತ್ತಿದ್ದೆ. ಅವೆಲ್ಲ ಕೀಲಿ ತಿರುಗಿಸುವ ಮೊದಲೇ ಆಗಬೇಕಾದ ಕೆಲಸ. ಅಷ್ಟನ್ನು ಮಾಡಿದ ಮೇಲೆ ಒಂಬತ್ತು ಇದ್ದದ್ದು ಎರಡು ಮೂರಕ್ಕೆ ಇಳಿಯಿತು. ಕೂಪನ್ ಒಂದು ಸಿಕ್ಕಿತ್ತು, ಬಳಸಲಿಲ್ಲ, ಅವಧಿ ಮುಗಿಯಿತು. ನನಗೆ ಸಿಕ್ಕ ಲಾಭ ಆ ಚುಕ್ಕಿಗಳೇ.

ಇದು ನನ್ನೊಬ್ಬನ ಕಥೆ ಅಂದುಕೊಳ್ಳಬೇಡಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ವಿಮೆ ಕಂಪನಿಯೊಂದರ ಗ್ರಾಹಕರನ್ನು ಗುಂಪುಗಳಾಗಿ ಮಾಡಿ ಇದನ್ನೇ ಪರೀಕ್ಷಿಸಿದರು, 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಫೋನ್ ಸಿಕ್ಕಿಸುವ ಸ್ಟ್ಯಾಂಡ್ ಮಾತ್ರ ಕೊಟ್ಟರು. ಅದರಿಂದ ಹೇಳಿಕೊಳ್ಳುವಂಥ ಬದಲಾವಣೆ ಏನೂ ಆಗಲಿಲ್ಲ. ಇನ್ನೊಂದು ಗುಂಪಿಗೆ ವಾರವಾರ ಗುರಿ, ಪಾಯಿಂಟ್, ಬೇರೆಯವರ ಜೊತೆ ಪೈಪೋಟಿ ಇಟ್ಟರು. ಅವರು ಫೋನ್ ಕೈಗೆ ತೆಗೆದುಕೊಳ್ಳುವ ಸಮಯ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಅದರ ಜೊತೆ ಬಹುಮಾನದ ಹಣವನ್ನೂ ಇಟ್ಟಾಗ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ ಇಳಿಯಿತು. ಆಟ ಮುಗಿದ ಮೇಲೂ ಆ ಅಭ್ಯಾಸ ಪೂರ್ತಿ ಹಳೆಯ ಹಾದಿಗೆ ಮರಳಲಿಲ್ಲ, ಅದೇ ನನಗೆ ಮುಖ್ಯ ಅನ್ನಿಸಿದ್ದು. ಹಾಗಂತ ಮುಕ್ಕಾಲು ಪಾಲು ಅಭ್ಯಾಸ ಇನ್ನೂ ಹಾಗೇ ಉಳಿದಿತ್ತು ಅನ್ನುವುದನ್ನೂ ಮರೆಯಬೇಡಿ. ಆ್ಯಪ್ ಮಂತ್ರದಂಡ ಅಲ್ಲ.

ಇನ್ನು ಮೂರು ತಿಂಗಳಾದ ಮೇಲೆ ತೆಗೆಯಿರಿ ಅಂದಿದ್ದು ಯಾಕೆ? ನಾಲ್ಕನೇ ವಾರದ ಒಂದು ದಿನ ಸಿಗ್ನಲ್‌ನಲ್ಲಿ ನಿಂತಿದ್ದೆ. ಸ್ವಲ್ಪ ಹಿಂದೆ ಒಂದು ನಾಯಿ ಅಡ್ಡ ಬಂದು ಗಕ್ಕನೆ ಬ್ರೇಕ್ ಹಾಕಿದ್ದೆ. ಜೋರು ಬ್ರೇಕ್ ಹಾಕಿದರೂ ಆ್ಯಪ್ ಸ್ಕೋರ್ ಕಳೆಯುತ್ತದೆ, ಹೋಯಿತೇನೋ ಅಂತ ಮನಸ್ಸು ಕೊರೆಯುತ್ತಿತ್ತು. ತೊಡೆಯ ಪಕ್ಕ ಬಿದ್ದಿದ್ದ ಫೋನ್ ಎತ್ತಿ ನೋಡಿದೆ. 94 ಇದ್ದದ್ದು 88 ಆಗಿತ್ತು. ಛೆ ಅಂದುಕೊಳ್ಳುವಷ್ಟರಲ್ಲಿ ಹಿಂದಿನವನು ಹಾರ್ನ್ ಹೊಡೆದ, ಹಸಿರು ಬಂದು ಎಷ್ಟು ಹೊತ್ತಾಗಿತ್ತೋ. ಫೋನ್ ಮುಟ್ಟದಿರಲಿ ಅಂತ ಹಾಕಿಕೊಂಡ ಆ್ಯಪನ್ನು ನೋಡುವುದಕ್ಕೇ ಫೋನ್ ಮುಟ್ಟಿದ್ದೆ! ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಲ್ವಾ?

ಹಾಕಿಕೊಳ್ಳುವ ಮುಂಚೆ ಇನ್ನೊಂದು ವಿಷಯ ನೋಡಿ. ಕೆಲವು ಆ್ಯಪ್‌ಗಳು ಎಷ್ಟು ದೂರ ಅಥವಾ ಎಷ್ಟು ಹೊತ್ತು ಓಡಿಸಿದಿರಿ ಅನ್ನುವುದರ ಮೇಲೆ ಪಾಯಿಂಟ್ ಕೊಡುತ್ತವೆ. ಅಂದರೆ ಜಾಸ್ತಿ ಓಡಿಸಿದವನಿಗೆ ಜಾಸ್ತಿ ಬಹುಮಾನ. ಹತ್ತು ನಿಮಿಷ ನಡೆದು ಹೋಗಬಹುದಾದ ಕಡೆಗೂ ಗಾಡಿ ತೆಗೆದವನು ಗೆಲ್ಲುತ್ತಾನೆ, ನಡೆದು ಹೋದವನಿಗೆ ಸೊನ್ನೆ. ಇದು ತಲೆಕೆಳಗಾದ ಲೆಕ್ಕ. ಸಿಕ್ಕರೆ, ಒಂದು ಗಂಟೆ ಓಡಿಸಿದರೆ ಎಷ್ಟು ಸೆಕೆಂಡು ಫೋನ್ ಕೈಯಲ್ಲಿತ್ತು ಅಂತ ಲೆಕ್ಕ ಹೇಳುವಂಥದ್ದನ್ನು ಹಾಕಿಕೊಳ್ಳಿ.

ಪ್ರಶ್ನೆ: ನಾನು ಫೋನ್ ಮುಟ್ಟಿದೆನೋ ಇಲ್ಲವೋ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಪಕ್ಕದಲ್ಲಿ ಕೂತವರು ಹಾಡು ಬದಲಾಯಿಸಿದರೂ ನನ್ನ ಸ್ಕೋರ್ ಹೋಗುತ್ತಿದೆ. ಬಸ್ಸಿನಲ್ಲಿ ಹೋದ ದಿನವೂ "ನಿಮ್ಮ ಡ್ರೈವಿಂಗ್ ಸುಧಾರಿಸಬೇಕು" ಅನ್ನುತ್ತದೆ!

ಉತ್ತರ: ಪಾಪ, ಬಸ್ಸಿನ ಡ್ರೈವರ್ ತಪ್ಪಿಗೆ ನಿಮಗೆ ಮಾರ್ಕ್ಸ್ ಹೋಯಿತು.

ಆ್ಯಪ್‌ಗೆ ಕಣ್ಣಿಲ್ಲ, ಅದು ನಿಮ್ಮನ್ನು ನೋಡುತ್ತಿಲ್ಲ. ಫೋನಿನ ಒಳಗೆ ಮೊದಲೇ ಇರುವ ಮೂರು ನಾಲ್ಕು ಸೆನ್ಸರ್‌ಗಳ ಮಾತು ಕೇಳಿ ಊಹೆ ಮಾಡುತ್ತದೆ, ಅಷ್ಟೇ. ಜಿಪಿಎಸ್ ವೇಗ ಹೇಳುತ್ತದೆ. ಆಕ್ಸೆಲೆರೋಮೀಟರ್ ಅನ್ನುವುದು ಎಳೆತ, ತಳ್ಳಾಟ ಹೇಳುತ್ತದೆ, ಅಂದರೆ ಬ್ರೇಕ್ ಒತ್ತಿದ್ದು, ಆಕ್ಸಿಲರೇಟರ್ ತುಳಿದಿದ್ದು. ಜೈರೋಸ್ಕೋಪ್ ಫೋನ್ ಎತ್ತ ತಿರುಗಿತು ಅಂತ ಹೇಳುತ್ತದೆ. ಗಾಡಿ ಓಡುತ್ತಿದೆ, ಸ್ಕ್ರೀನ್ ಹೊತ್ತಿಕೊಂಡಿತು, ಲಾಕ್ ತೆರೆಯಿತು, ಅದೇ ಹೊತ್ತಿಗೆ ಮಲಗಿದ್ದ ಫೋನ್ ಎದ್ದು ವಾಲಾಡಿತು. ಇಷ್ಟು ಸೇರಿದರೆ "ಕೈಯಲ್ಲಿ ಹಿಡಿದಿದ್ದಾರೆ" ಅನ್ನುವ ತೀರ್ಮಾನ. ಹಿಡಿದ ಕೈ ಯಾರದು? ಅದು ಗೊತ್ತಾಗುವುದು ಕಷ್ಟ.

ಬ್ರೇಕ್ ಲೆಕ್ಕವೂ ಇದೇ ಥರ. ಒಂದು ಸೆಕೆಂಡಿನಲ್ಲಿ ವೇಗ ಗಂಟೆಗೆ ಸುಮಾರು 11 ಕಿಲೋಮೀಟರಿನಷ್ಟು ಇಳಿದರೆ ಅದನ್ನು ಜೋರು ಬ್ರೇಕ್ ಅಂತ ಎಣಿಸುವುದುಂಟು. ಎದುರಿಗೆ ಮಗು ಓಡಿ ಬಂದಿತ್ತು, ಬ್ರೇಕ್ ಹಾಕಿದ್ದೇ ಸರಿ ಅನ್ನುವುದು ಸೆನ್ಸರ್‌ಗೆ ತಿಳಿಯುವುದಿಲ್ಲ. ಹಾಗಾಗಿ ಒಂದು ದಿನದ ಸ್ಕೋರ್ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಒಂದು ತಿಂಗಳದ್ದು ನೋಡಿದರೆ ಅರ್ಥ ಇರುತ್ತದೆ: ವಾರಕ್ಕೆ ಹತ್ತು ಸಲ ಜೋರು ಬ್ರೇಕ್ ಬಿದ್ದಿದ್ದರೆ ಹತ್ತು ಮಕ್ಕಳು ಅಡ್ಡ ಬಂದಿರಲಿಕ್ಕಿಲ್ಲ, ನೀವು ಮುಂದಿನ ಗಾಡಿಗೆ ತೀರಾ ಹತ್ತಿರ ಹೋಗುತ್ತಿದ್ದೀರಿ.

ಬಸ್ಸಿನ ಪ್ರಯಾಣವನ್ನು ಅಳಿಸಲಿಕ್ಕೆ ಬಹುತೇಕ ಆ್ಯಪ್‌ಗಳಲ್ಲಿ ದಾರಿ ಇದೆ. ಆ ಟ್ರಿಪ್ ಮೇಲೆ ಒತ್ತಿ "ನಾನು ಪ್ರಯಾಣಿಕ" ಅಂತ ಗುರುತು ಹಾಕಿ. ಪಕ್ಕದವರು ಹಾಡು ಬದಲಾಯಿಸುವುದಿದ್ದರೆ ಅವರ ಫೋನಿನಲ್ಲೇ ಹಾಡು ಹಾಕಲಿ, ಮುಗಿಯಿತು.

ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. 2008ರ ಸುಮಾರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಬಾಸ್ಟನ್ ಕಡೆಯ ಕೆಲವು ಟ್ಯಾಕ್ಸಿಗಳಿಗೆ ಇಂಥದೇ ಸೆನ್ಸರ್ ಕಟ್ಟಿ ರಸ್ತೆಗುಂಡಿಗಳನ್ನು ಪತ್ತೆ ಹಚ್ಚಿದ್ದರು. ಟ್ಯಾಕ್ಸಿ ಎಲ್ಲಿ ಕುಲುಕಿತೋ ಅಲ್ಲಿ ಗುಂಡಿ. ಆ ತಂಡದಲ್ಲಿದ್ದ ಹರಿ ಬಾಲಕೃಷ್ಣನ್ ಮತ್ತು ಸ್ಯಾಮ್ ಮ್ಯಾಡನ್ 2010ರಲ್ಲಿ ಶುರು ಮಾಡಿದ ಕೇಂಬ್ರಿಜ್ ಮೊಬೈಲ್ ಟೆಲಿಮ್ಯಾಟಿಕ್ಸ್ ಕಂಪನಿಯೇ ಇವತ್ತು ವಿಮೆ ಕಂಪನಿಗಳ ಇಂಥ ಎಷ್ಟೋ ಆ್ಯಪ್‌ಗಳ ಹಿಂದೆ ಕೆಲಸ ಮಾಡುತ್ತಿದೆ. ಗುಂಡಿ ಹುಡುಕುವುದಕ್ಕೆ ಹೊರಟವರು ನಮ್ಮ ಕೈ ಎಲ್ಲಿ ಹೋಗುತ್ತದೆ ಅಂತ ಹುಡುಕುವವರಾದರು.

ಪ್ರಶ್ನೆ: ನಾನು ಫೋನ್ ಮುಟ್ಟುವುದಿಲ್ಲ, ಬ್ಲೂಟೂತ್‌ನಲ್ಲಿ ಮಾತಾಡುತ್ತೇನೆ. ಆ್ಯಪ್ ಕೂಡ ಅದಕ್ಕೆ ಪಾಯಿಂಟ್ ಕಳೆಯುವುದಿಲ್ಲ. ಹಾಗಾದರೆ ಅದು ಸೇಫ್ ತಾನೇ?

ಉತ್ತರ: ಇಲ್ಲ. ಈ ಆ್ಯಪ್‌ಗಳ ಮೇಲೆ ನನಗಿರುವ ದೊಡ್ಡ ತಕರಾರು ಇದೇ. ಅವು ಕೈಯನ್ನು ಅಳೆಯುತ್ತವೆ, ತಲೆಯನ್ನು ಅಳೆಯಲಾರವು. ನೂರಕ್ಕೆ ನೂರು ಸ್ಕೋರ್ ಇಟ್ಟುಕೊಂಡು ಇಡೀ ದಾರಿ ಬಾಸ್ ಜೊತೆ ಜಗಳ ಆಡುತ್ತಾ ಹೋಗಬಹುದು.

1997ರಲ್ಲಿ ಟೊರೊಂಟೊದ ರೆಡೆಲ್ಮಯರ್ ಮತ್ತು ಟಿಬ್ಶಿರಾನಿ ಅನ್ನುವ ಇಬ್ಬರು ಸಂಶೋಧಕರು, ಅಪಘಾತ ಮಾಡಿಕೊಂಡಿದ್ದ 699 ಚಾಲಕರ ಫೋನ್ ಬಿಲ್ಲುಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರು. ಫೋನಿನಲ್ಲಿ ಮಾತಾಡುವ ಹೊತ್ತಿನಲ್ಲಿ ಅಪಘಾತದ ಸಂಭವ ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದೆ ಮಾತಾಡಿದವರಿಗೆ ಏನಾದರೂ ರಿಯಾಯಿತಿ ಇತ್ತಾ? ಅಂಥದ್ದೇನೂ ಕಾಣಲಿಲ್ಲ. 2001ರಲ್ಲಿ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಪ್ರಯೋಗಾಲಯದಲ್ಲಿ ನೋಡಿದಾಗಲೂ ಅದೇ ಕಥೆ. ಮಾತಿನಲ್ಲಿ ಮುಳುಗಿದವನ ಕಣ್ಣು ರಸ್ತೆಯ ಮೇಲೇ ಇರುತ್ತದೆ, ಕೆಂಪು ದೀಪ ಕಣ್ಣಿಗೆ ಬೀಳುತ್ತದೆ, ಮನಸ್ಸಿಗೆ ಬೀಳುವುದಿಲ್ಲ.

"ಹಾಗಾದರೆ ಪಕ್ಕದಲ್ಲಿ ಕೂತ ಹೆಂಡತಿ ಜೊತೆ ಮಾತಾಡಬಾರದಾ?" ಅಂತ ಕೇಳುತ್ತೀರಿ, ಗೊತ್ತು. ಆಡಬಹುದು. ಅದನ್ನೂ ಸ್ಟ್ರೇಯರ್ ತಂಡ 2008ರಲ್ಲಿ ನೋಡಿತ್ತು. ಪಕ್ಕದಲ್ಲಿ ಕೂತವರಿಗೂ ರಸ್ತೆ ಕಾಣುತ್ತದೆ. ಎದುರಿನಿಂದ ಲಾರಿ ಬಂದಾಗ ಅವರ ಮಾತು ತಾನಾಗಿ ನಿಲ್ಲುತ್ತದೆ, "ಹುಷಾರು" ಅಂತಾರೆ, ಲಾರಿ ದಾಟಿದ ಮೇಲೆ ಕಥೆ ಮುಂದುವರಿಸುತ್ತಾರೆ. ಫೋನಿನ ಆ ಕಡೆಯವರಿಗೆ ಲಾರಿ ಕಾಣುವುದಿಲ್ಲ. ನೀವು ಸುಮ್ಮನಾದರೆ "ಹಲೋ? ಹಲೋ? ಕೇಳಿಸ್ತಾ ಇದೆಯಾ?" ಅಂತ ಇನ್ನೂ ಜೋರಾಗಿ ಕೂಗುತ್ತಾರೆ.

ಫೋನ್‌ಗೆ ಬಾಯಲ್ಲೇ ಹೇಳಿ ಕೆಲಸ ಮಾಡಿಸುತ್ತೇನೆ ಅನ್ನುವವರಿಗೂ ಒಂದು ಮಾತು. 2015ರಲ್ಲಿ ಅಮೆರಿಕದ ರಸ್ತೆ ಸುರಕ್ಷತೆಯ ಸಂಸ್ಥೆ ಎಎಎ ಫೌಂಡೇಶನ್‌ಗಾಗಿ ಇದೇ ಸ್ಟ್ರೇಯರ್ ಮಾಡಿದ ಅಧ್ಯಯನದಲ್ಲಿ, ಬಾಯಿಮಾತಿನ ಆಜ್ಞೆ ಕೊಟ್ಟು ಮುಗಿದ ಮೇಲೂ 27 ಸೆಕೆಂಡಿನವರೆಗೆ ಗಮನ ಪೂರ್ತಿ ರಸ್ತೆಗೆ ಮರಳದೆ ಇರಬಹುದು ಅಂತ ಕಂಡುಬಂತು. 27 ಸೆಕೆಂಡು ಅಂದರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 450 ಮೀಟರ್. ನೀವೇ ಒಂದು ಸಲ ಅಷ್ಟು ದೂರ ನಡೆದು ನೋಡಿ.

ಪ್ರಶ್ನೆ: ಈ ಆ್ಯಪ್ ನಾನು ಎಲ್ಲಿ ಹೋದೆ, ಎಷ್ಟು ಹೊತ್ತಿಗೆ ಹೋದೆ ಎಲ್ಲ ಬರೆದಿಟ್ಟುಕೊಳ್ಳುತ್ತದೆ ಅಲ್ವಾ? ಅದನ್ನು ಬೇರೆಯವರಿಗೆ ಮಾರುವುದಿಲ್ಲ ಅಂತ ಏನು ಗ್ಯಾರಂಟಿ?

ಉತ್ತರ: ಗ್ಯಾರಂಟಿ ಇಲ್ಲ. ಕೂಪನ್ ಪುಗಸಟ್ಟೆ ಬರುವುದಿಲ್ಲ, ಯಾರೋ ದುಡ್ಡು ಹಾಕಿರುತ್ತಾರೆ. ಅಂಗಡಿಯವರು ಹಾಕಿದ್ದರೆ ಅವರಿಗೆ ಬೇಕಿರುವುದು ನಿಮ್ಮ ವ್ಯಾಪಾರ. ವಿಮೆಯವರು ಹಾಕಿದ್ದರೆ ಅವರಿಗೆ ಬೇಕಿರುವುದು ನಿಮ್ಮ ಡ್ರೈವಿಂಗ್ ಚರಿತ್ರೆ. ಇವೆರಡೂ ಕಾಣದಿದ್ದರೆ ಸ್ವಲ್ಪ ಅನುಮಾನ ಪಡಿ.

ಸುಮ್ನೆ ಹೆದರಿಸುತ್ತಿಲ್ಲ. 2025ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಅಟಾರ್ನಿ ಜನರಲ್, ಆಲ್‌ಸ್ಟೇಟ್ ಅನ್ನುವ ವಿಮೆ ಕಂಪನಿ ಮತ್ತು ಅದರದೇ ಅಂಗಸಂಸ್ಥೆ ಆರಿಟಿ ಮೇಲೆ ಮೊಕದ್ದಮೆ ಹೂಡಿದರು. ಬೇರೆ ಬೇರೆ ಆ್ಯಪ್‌ಗಳ ಒಳಗೆ ತಮ್ಮ ಕೋಡ್ ಸೇರಿಸಿ, 4.5 ಕೋಟಿಗೂ ಹೆಚ್ಚು ಜನರ ಓಡಾಟದ ಮಾಹಿತಿ ಅವರಿಗೆ ಸರಿಯಾಗಿ ತಿಳಿಸದೆ ಸಂಗ್ರಹಿಸಿದರು ಅನ್ನುವುದು ಆರೋಪ. ಅದೇ ತಿಂಗಳು ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಕಾರು ಕಂಪನಿ ಜನರಲ್ ಮೋಟಾರ್ಸ್ ಮೇಲೂ ಕ್ರಮಕ್ಕೆ ಮುಂದಾಯಿತು. ಆ ಕಂಪನಿಯ ಕಾರುಗಳಲ್ಲಿ "ಸ್ಮಾರ್ಟ್ ಡ್ರೈವರ್" ಅಂತ ಒಂದು ಸೌಲಭ್ಯ ಇತ್ತು, ಚೆನ್ನಾಗಿ ಓಡಿಸುವುದನ್ನು ಕಲಿಸುತ್ತೇವೆ ಅನ್ನುವ ಹೆಸರಿನಲ್ಲಿ. ಅದರಲ್ಲಿ ಸೇರಿದ ಮಾಹಿತಿ ವಿಮೆ ಕಂಪನಿಗಳಿಗೆ ವರದಿ ಕೊಡುವ ಸಂಸ್ಥೆಗಳ ಕೈಗೆ ಹೋಗಿತ್ತು. ಕೆಲವರ ವಿಮೆ ಕಂತು ಏರಿದ ಮೇಲೆ, ಯಾಕೆ ಏರಿತು ಅಂತ ಕೆದಕಿದಾಗ ಹೊರಬಂದದ್ದು ಇದು.

ಹಾಗಾಗಿ ಹಾಕಿಕೊಳ್ಳುವ ಮೊದಲು ಸ್ವಲ್ಪ ನೋಡಿ. ಲೊಕೇಶನ್ "ಯಾವಾಗಲೂ" ಬೇಕು ಅಂತ ಕೇಳಿಯೇ ಕೇಳುತ್ತದೆ, ಅದಿಲ್ಲದೆ ಇಂಥ ಆ್ಯಪ್ ನಡೆಯುವುದು ಕಷ್ಟ. ಆದರೆ ಕಾಂಟ್ಯಾಕ್ಟ್ಸ್ ಯಾಕೆ ಬೇಕು, ಮೈಕ್ ಯಾಕೆ ಬೇಕು, ಫೋಟೋ ಯಾಕೆ ಬೇಕು? ಕೇಳಿದರೆ ಬೇಡ ಅನ್ನಿ. ಪ್ರೈವಸಿ ಪಾಲಿಸಿಯನ್ನು ಪೂರ್ತಿ ಓದುವ ತಾಳ್ಮೆ ಯಾರಿಗಿದೆ ಹೇಳಿ, ಅದರಲ್ಲಿ "ಪಾಲುದಾರರು" ಅನ್ನುವ ಪದ ಎಲ್ಲಿ ಬರುತ್ತದೆ ಅಂತ ಹುಡುಕಿ ಆ ಪ್ಯಾರಾ ಮಾತ್ರ ಓದಿ, ಅಸಲಿ ವಿಷಯ ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತದೆ. ಬಿಡುವಾಗ ಬರೀ ಆ್ಯಪ್ ಅಳಿಸಿದರೆ ಸಾಲದು. ಅಕೌಂಟ್ ಡಿಲೀಟ್ ಮಾಡಿ, ಆಮೇಲೆ ಆ್ಯಪ್ ಅಳಿಸಿ. ಉಲ್ಟಾ ಮಾಡಿದರೆ ನಿಮ್ಮ ದಾರಿಗಳೆಲ್ಲ ಅವರ ಸರ್ವರ್‌ನಲ್ಲೇ ಕೂತಿರುತ್ತವೆ.

ವಿಮೆಯವರದ್ದೇ ಆ್ಯಪ್ ಆದರೆ ಒಂದು ನೇರ ಪ್ರಶ್ನೆ ಕೇಳಿ: ಸ್ಕೋರ್ ಚೆನ್ನಾಗಿದ್ದರೆ ಕಂತು ಇಳಿಯುತ್ತದೆ, ಸರಿ, ಕೆಟ್ಟದಾಗಿದ್ದರೆ ಏರುತ್ತದಾ? ಉತ್ತರ ಬರಹದಲ್ಲಿ ಕೊಡಲಿ.

ಪ್ರಶ್ನೆ: ಮಗಳಿಗೆ ಈಗಷ್ಟೇ ಲೈಸೆನ್ಸ್ ಬಂದಿದೆ. ಅವಳ ಫೋನಿಗೆ ಇಂಥ ಆ್ಯಪ್ ಹಾಕಿ, ನನ್ನ ಫೋನಿನಲ್ಲಿ ನೋಡಬಹುದಂತೆ. ಹಾಕಲಾ?

ಉತ್ತರ: ಅವಳಿಗೆ ಹೇಳಿ ಹಾಕಿ. ಕದ್ದು ಹಾಕಬೇಡಿ, ಗೊತ್ತಾದ ದಿನ ಅವಳು ಫೋನ್ ಮನೆಯಲ್ಲೇ ಬಿಟ್ಟು ಹೋಗುತ್ತಾಳೆ, ಆಗ ನಿಮಗೆ ಇನ್ನೂ ಜಾಸ್ತಿ ಭಯ. ಹೊಸದಾಗಿ ಕಲಿತವರಿಗೆ ಮೊದಲ ಕೆಲವು ತಿಂಗಳು ಇದು ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಅಭ್ಯಾಸ ಇನ್ನೂ ಗಟ್ಟಿಯಾಗಿರುವುದಿಲ್ಲ. ನಿಮ್ಮ ಫೋನಿಗೂ ಅದೇ ಆ್ಯಪ್ ಹಾಕಿ, ವಾರಕ್ಕೊಮ್ಮೆ ಇಬ್ಬರೂ ಕೂತು ನೋಡಿ. ನಿಮ್ಮ ಚುಕ್ಕಿಗಳು ಅವಳ ಚುಕ್ಕಿಗಳಿಗಿಂತ ಜಾಸ್ತಿ ಇರುತ್ತವೆ ಅಂತ ನನ್ನ ಅನುಮಾನ.

ಆದರೆ ನಿಮಗೆ ಒಂದು ಪ್ರಶ್ನೆ. ಅವಳು ಗಾಡಿಯಲ್ಲಿದ್ದಾಗ ಅವಳಿಗೆ ಫೋನ್ ಮಾಡುವವರು ಯಾರು?

ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ 2014ರ ಸಮಾವೇಶದಲ್ಲಿ ಒಂದು ಸಮೀಕ್ಷೆ ಮಂಡನೆಯಾಗಿತ್ತು. ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡುವ ಹದಿಹರೆಯದವರನ್ನು "ಯಾರ ಜೊತೆ ಮಾತಾಡ್ತೀರಿ?" ಅಂತ ಕೇಳಿದರೆ, ಅರ್ಧಕ್ಕಿಂತ ಜಾಸ್ತಿ ಜನ "ಅಪ್ಪ ಅಮ್ಮನ ಜೊತೆ" ಅಂದರು! ಎತ್ತದಿದ್ದರೆ ಬೈಯುತ್ತಾರೆ ಅನ್ನುವುದು ಅವರು ಕೊಟ್ಟ ಕಾರಣಗಳಲ್ಲೊಂದು. ನಮ್ಮ ಮನೆಯಲ್ಲೂ ಇದೇ ನಡೆಯುತ್ತಿತ್ತು. ಮಗ ಹೊರಟು ಹತ್ತು ನಿಮಿಷಕ್ಕೆ "ಎಲ್ಲಿದ್ದೀಯಾ?", ಇಪ್ಪತ್ತು ನಿಮಿಷಕ್ಕೆ "ತಲುಪಿದೆಯಾ?", ಎತ್ತದಿದ್ದರೆ ಇನ್ನೆರಡು ಸಲ, ಅದಕ್ಕೂ ಎತ್ತದಿದ್ದರೆ ಅವನ ಗೆಳೆಯನಿಗೆ ಒಂದು ಸಲ. ಹುಷಾರಾಗಿ ಓಡಿಸಲಿ ಅನ್ನುವ ಕಾಳಜಿಯಿಂದಲೇ ಮಾಡುತ್ತಿದ್ದದ್ದು, ಅವನ ಕೈಯನ್ನು ಸ್ಟೇರಿಂಗ್‌ನಿಂದ ತೆಗೆಸುತ್ತಿದ್ದದ್ದು ಮಾತ್ರ ನಾವೇ.

ಆಮೇಲೆ ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಂಡೆವು. ಹೊರಡುವ ಮೊದಲು "ಹೊರಟೆ", ನಿಲ್ಲಿಸಿದ ಮೇಲೆ "ಬಂದೆ". ನಡುವೆ ಯಾರೂ ಫೋನ್ ಮಾಡುವ ಹಾಗಿಲ್ಲ. ಗೊತ್ತಿಲ್ಲದೆ ಮಾಡಿದರೂ, ಅವನು ಎತ್ತಿದ ತಕ್ಷಣ ನಾವು ಕೇಳುವ ಮೊದಲ ಮಾತು "ಗಾಡಿ ಓಡಿಸ್ತಾ ಇದ್ದೀಯಾ?" ಹೌದು ಅಂದರೆ ಇಟ್ಟುಬಿಡುವುದು. ವಿಷಯ ಏನು ಅಂತ ಕೂಡ ಹೇಳುವ ಹಾಗಿಲ್ಲ, ಯಾಕೆಂದರೆ ಅರ್ಧ ಹೇಳಿದ ವಿಷಯ ತಲೆಯಲ್ಲೇ ಕೊರೆಯುತ್ತಿರುತ್ತದೆ. ಮೊದಲ ಹದಿನೈದು ದಿನ ಕಷ್ಟ ಆಯಿತು, ಅವನಿಗಲ್ಲ, ನಮಗೆ.

ಇದಕ್ಕೆ ಸಹಾಯ ಮಾಡುವ ಸೌಲಭ್ಯ ಫೋನಿನಲ್ಲೇ ಇದೆ, ಆ್ಯಪ್ ಬೇಕಿಲ್ಲ. ಐಫೋನ್‌ನಲ್ಲಿ 2017ರಲ್ಲಿ ಬಂದ ಐಓಎಸ್ 11ರಿಂದ ಇದು ಇದೆ, ಈಗ ಅದರ ಹೆಸರು ಡ್ರೈವಿಂಗ್ ಫೋಕಸ್. ಗಾಡಿ ಓಡುತ್ತಿದೆ ಅಂತ ಗೊತ್ತಾದರೆ ತಾನಾಗಿ ನೋಟಿಫಿಕೇಶನ್ ತಡೆಯುತ್ತದೆ, ಮೆಸೇಜು ಹಾಕಿದವರಿಗೆ "ಡ್ರೈವ್ ಮಾಡುತ್ತಿದ್ದೇನೆ" ಅಂತ ಉತ್ತರವನ್ನೂ ಕಳಿಸುತ್ತದೆ. ಬಹಳಷ್ಟು ಆ್ಯಂಡ್ರಾಯ್ಡ್ ಫೋನುಗಳಲ್ಲೂ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಇಂಥದ್ದು ಸಿಗುತ್ತದೆ. ಪಾಯಿಂಟ್ ಇಲ್ಲ, ಕೂಪನ್ ಇಲ್ಲ, ಜಾಹೀರಾತೂ ಇಲ್ಲ. ನನ್ನನ್ನು ಕೇಳಿದರೆ ಬಹುಮಾನದ ಆ್ಯಪ್‌ಗಿಂತ ಮೊದಲು ಇದನ್ನು ಆನ್ ಮಾಡಿ.

ಪ್ರಶ್ನೆ: ನಾನು ಬೈಕಿನಲ್ಲಿ ಡೆಲಿವರಿ ಕೆಲಸ ಮಾಡುತ್ತೇನೆ. ಕೆಲಸವೇ ಫೋನಿನಲ್ಲಿ. ಆರ್ಡರ್ ಬಂದ ಕೆಲವೇ ಸೆಕೆಂಡಿನಲ್ಲಿ ಒತ್ತದಿದ್ದರೆ ಬೇರೆಯವರಿಗೆ ಹೋಗುತ್ತದೆ. ನಮ್ಮಂಥವರಿಗೆ ಈ ಆ್ಯಪ್ ಏನು ಮಾಡುತ್ತದೆ?

ಉತ್ತರ: ನಿಜ ಹೇಳಬೇಕೆಂದರೆ, ಏನೂ ಮಾಡುವುದಿಲ್ಲ. ಒಂದು ಆ್ಯಪ್ ಮುಟ್ಟು ಅನ್ನುತ್ತದೆ, ಇನ್ನೊಂದು ಮುಟ್ಟಬೇಡ ಅನ್ನುತ್ತದೆ. ಹೊಟ್ಟೆಪಾಡು ಯಾವುದರಲ್ಲಿದೆಯೋ ಅದು ಗೆಲ್ಲುತ್ತದೆ. ಇಲ್ಲಿ ಬದಲಾಗಬೇಕಾದದ್ದು ನೀವಲ್ಲ, ಓಡುತ್ತಿರುವ ಬೈಕಿಗೆ ಆರ್ಡರ್ ಕಳಿಸುವ ಆ ಪದ್ಧತಿ. ಗಾಡಿ ಓಡುತ್ತಿದೆಯೋ ನಿಂತಿದೆಯೋ ಅಂತ ಜಿಪಿಎಸ್‌ನಿಂದ ಅವರಿಗೆ ಗೊತ್ತಾಗುತ್ತದೆ. ನಿಂತ ಮೇಲೆ ಆರ್ಡರ್ ತೋರಿಸುವುದು ಅವರಿಗೆ ದೊಡ್ಡ ಕೆಲಸ ಅಲ್ಲ. ನಿಮ್ಮ ಜೊತೆಯವರೆಲ್ಲ ಸೇರಿ ಕಂಪನಿಯನ್ನು ಕೇಳಬಹುದಾದ ಬೇಡಿಕೆ ಇದು.

ಅಲ್ಲಿಯವರೆಗೆ, ದಾರಿ ಹೇಳುವ ದನಿಗೆ ಒಂದೇ ಕಿವಿಗೆ ಇಯರ್‌ಫೋನ್ ಇಟ್ಟುಕೊಳ್ಳುವವರನ್ನು ನೋಡಿದ್ದೇನೆ. ನಿಮ್ಮ ಕಡೆ ಕಾನೂನು ಅದಕ್ಕೆ ಒಪ್ಪುತ್ತದಾ ಅಂತ ಮೊದಲು ನೋಡಿಕೊಳ್ಳಿ. ಆರ್ಡರ್ ದನಿ ಬಂದರೆ ಬದಿಗೆ ಹಾಕಿ ನಿಲ್ಲಿಸಿ ಒತ್ತಿ. ಒಂದೆರಡು ಕೈತಪ್ಪುತ್ತವೆ, ಗೊತ್ತು, ಹೇಳುವುದು ನನಗೆ ಸುಲಭ ಅನ್ನುವುದೂ ಗೊತ್ತು. ಓಡುತ್ತಲೇ ನೋಡಿದರೆ ಏನಾಗುತ್ತದೆ ಅನ್ನುವ ಲೆಕ್ಕ ಮಾತ್ರ ಇದು: ಗಂಟೆಗೆ 40 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಆರ್ಡರ್ ಓದಿ ಒತ್ತಲಿಕ್ಕೆ ಮೂರು ಸೆಕೆಂಡು ಸಾಕು ಅಂದರೂ 33 ಮೀಟರ್ ನೀವು ಕಣ್ಣಿಲ್ಲದೆ ಹೋಗಿರುತ್ತೀರಿ. ಬೈಕಿಗೆ ಅಷ್ಟರಲ್ಲಿ ಒಂದು ಸಣ್ಣ ಗುಂಡಿ ಸಾಕು.

ಅಂದಹಾಗೆ, ಫೋನನ್ನು ನೇರವಾಗಿ ಹ್ಯಾಂಡಲ್‌ಗೆ ಸಿಕ್ಕಿಸಿದರೆ ಎಂಜಿನ್ ನಡುಕಕ್ಕೆ ಕ್ಯಾಮೆರಾ ಹಾಳಾಗಬಹುದು ಅಂತ ಆ್ಯಪಲ್ 2021ರಲ್ಲಿ ತಾನೇ ಎಚ್ಚರಿಸಿತ್ತು. ಸಿಕ್ಕಿಸಲೇಬೇಕಾದರೆ ನಡುಕ ತಡೆಯುವ ರಬ್ಬರ್ ಇರುವ ಸ್ಟ್ಯಾಂಡ್ ಹಾಕಿಸಿ.

ಪ್ರಶ್ನೆ: ಸರಿಯಾಗಿ ನಡೆದುಕೊಳ್ಳುವುದಕ್ಕೂ ಬಹುಮಾನ ಕೊಟ್ಟು ಅಭ್ಯಾಸ ಮಾಡಿಸಿದರೆ, ನಾಳೆ ಬಹುಮಾನ ನಿಂತ ದಿನ ಎಲ್ಲರೂ ಮತ್ತೆ ಫೋನ್ ಹಿಡಿಯುವುದಿಲ್ಲವಾ?

ಉತ್ತರ: ಒಳ್ಳೆಯ ಪ್ರಶ್ನೆ, ಮತ್ತು ಈ ಭಯಕ್ಕೆ ಆಧಾರ ಇದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಒಂದು ನರ್ಸರಿ ಶಾಲೆಯಲ್ಲಿ ಪ್ರಯೋಗ ಮಾಡಿದರು. ಚಿತ್ರ ಬರೆಯುವುದು ಅಂದರೆ ಪ್ರಾಣ ಅನ್ನುವ ಮಕ್ಕಳನ್ನು ಆರಿಸಿ, ಕೆಲವರಿಗೆ "ಬರೆದರೆ ರಿಬ್ಬನ್ ಹಾಕಿದ ಸರ್ಟಿಫಿಕೇಟ್ ಕೊಡ್ತೇವೆ" ಅಂದರು. ಕೊಟ್ಟರು ಕೂಡ. ಒಂದೆರಡು ವಾರ ಆದ ಮೇಲೆ ನೋಡಿದರೆ, ಬಹುಮಾನದ ಆಸೆಗೆ ಬರೆದ ಮಕ್ಕಳು ತಾವಾಗಿ ಬರೆಯುವ ಹೊತ್ತು ಉಳಿದವರ ಅರ್ಧಕ್ಕೆ ಇಳಿದಿತ್ತು.

ಆದರೆ ಗಮನಿಸಿ, ಆ ಮಕ್ಕಳಿಗೆ ಚಿತ್ರ ಬರೆಯುವುದು ಮೊದಲೇ ಇಷ್ಟ ಇತ್ತು. ಫೋನ್ ಮುಟ್ಟದೆ ಇರುವುದು ಯಾರಿಗಾದರೂ ಇಷ್ಟವಾದ ಕೆಲಸವಾ? ಕೆಡಲಿಕ್ಕೆ ಅಲ್ಲಿ ಇಷ್ಟ ಅನ್ನುವುದೇ ಇಲ್ಲ. ಈಗಾಗಲೇ ಫೋನ್ ಹಿಂದಿನ ಸೀಟಿಗೆ ಎಸೆದು ಓಡಿಸುವ ಪುಣ್ಯಾತ್ಮರಿಗೆ ಮಾತ್ರ ಈ ಪ್ರಯೋಗ ಅನ್ವಯಿಸಬಹುದು ಅನ್ನಿಸುತ್ತದೆ. ಅಂಥವರು ದಯವಿಟ್ಟು ಈ ಆ್ಯಪ್ ಹತ್ತಿರ ಹೋಗಬೇಡಿ. ನಿಮಗೆ ಬೇಕಾಗಿಲ್ಲ.

ಪ್ರಶ್ನೆ: ಆ್ಯಪ್ ಹಾಕಿಕೊಂಡಾಗಿನಿಂದ ನನ್ನ ಗಂಡ ದಿನಾ ರಾತ್ರಿ ಸ್ಕೋರ್ ತೋರಿಸುತ್ತಾರೆ. ನಾನು ನೋಡಿ ಹೊಗಳಬೇಕು. ಗಾಡಿಯಲ್ಲಿ ಫೋನ್ ಬಿಟ್ಟಿದ್ದಾರೆ, ಅದು ನಿಜ. ಮನೆಗೆ ಬಂದ ಮೇಲೆ ಒಂದು ಗಂಟೆ ಅದನ್ನೇ ಹಿಡಿದು ಕೂರುತ್ತಾರೆ. ಏನು ಮಾಡಲಿ?

ಉತ್ತರ: ಹೊಗಳಿ. ಸೋಫಾದ ಮೇಲೆ ಫೋನ್ ಹಿಡಿದು ಕೂತರೆ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ. 90 ದಾಟಿದರೆ "ಓಹೋ" ಅನ್ನಿ, ದಾಟದಿದ್ದರೆ "ನಾಯಿ ಅಡ್ಡ ಬಂತಾ?" ಅಂತ ಕೇಳಿ. ಮೂರು ತಿಂಗಳಾದ ಮೇಲೂ ತೋರಿಸುತ್ತಿದ್ದರೆ ಇನ್ನೊಂದು ಸಲ ಬರೆಯಿರಿ. ಮತ್ತೆ, ಅವರು ಆಫೀಸಿನಿಂದ ಹೊರಟ ಮೇಲೆ ದಾರಿಯಲ್ಲಿ ಅದು ತನ್ನಿ, ಇದು ತನ್ನಿ ಅಂತ ಫೋನ್ ಮಾಡುವುದು ನೀವಲ್ಲ ತಾನೇ?